ಹಿಂದಿನ ಸೀಟಿನ ಹೊಗಳಿಕೆ

ಅಂಬಾಸಡರ್ ಕಾರನ್ನು ಹೊಗಳುವವರನ್ನು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರು ಅದರ ಹಿಂದಿನ ಸೀಟಿನಲ್ಲಿ ಕೂತವರು. ಬಾನೆಟ್ ಎತ್ತಿದವರಲ್ಲ, ಸ್ಟೇರಿಂಗ್ ತಿರುಗಿಸಿದವರಲ್ಲ, ಗ್ಯಾರೇಜಿನ ಖರ್ಚನ್ನು ಕಿರಾಣಿ ಖರ್ಚಿನಲ್ಲಿ ಹೊಂದಿಸಿದವರಂತೂ ಅಲ್ಲವೇ ಅಲ್ಲ.

ಅದು ಸುಖದ ಕಾರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸೋಫಾದಂಥ ಸೀಟು, ಕಾಲು ಚಾಚುವಷ್ಟು ಜಾಗ, ರುಮಾಲು ಸುತ್ತಿದ ಹಿರಿಯರೂ ತಲೆ ತಗ್ಗಿಸದೆ ಕೂರುವಷ್ಟು ಎತ್ತರ. ಹೆರಿಗೆನೋವು ಬಂದವಳನ್ನು ಕರ್ಜಗಿಯಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಮಲಗಿಸಿಕೊಂಡು ಒಯ್ಯಲು, ಮದುವೆಗೆ ಎಂಟು ಜನರನ್ನು ತುಂಬಿಕೊಂಡು ಹೋಗಲು ಒಂದು ಕಾಲಕ್ಕೆ ಅದಕ್ಕಿಂತ ಒಳ್ಳೆಯ ಬಾಡಿಗೆ ಗಾಡಿ ನಮ್ಮ ಭಾಗದಲ್ಲಿ ಇರಲಿಲ್ಲ. 2013ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ಕಾರ್ಯಕ್ರಮ ಅದನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಆರಿಸಿತು. ಮರುವರ್ಷ, 2014ರ ಮೇ ತಿಂಗಳಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ ನಿಂತುಹೋಯಿತು. ಹೊಗಳುವವರೆಲ್ಲ ಕೊಳ್ಳುವವರಾಗಿರಲಿಲ್ಲ.

ಅವರ ದೊಡ್ಡ ವಾದ ಒಂದೇ. “ಅಕ್ಕೋರ, ಎಲ್ಲಿ ಕೆಟ್ಟು ನಿಂತ್ರೂ ಅಲ್ಲೇ ರಿಪೇರಿ ಆಗತಿತ್ರಿ!” ಮೂವತ್ತು ವರ್ಷ ವ್ಯಾಕರಣ ಕಲಿಸಿದವಳಿಗೆ ಈ ವಾಕ್ಯದ ಮೊದಲರ್ಧವೂ ಕೇಳಿಸುತ್ತದೆ. ಕೆಟ್ಟು ನಿಲ್ಲುತ್ತಿತ್ತು ಎಂಬುದನ್ನು ನುಂಗಿಕೊಂಡು ರಿಪೇರಿಯನ್ನಷ್ಟೇ ಮೆಚ್ಚುವುದು ಎಂಥ ನ್ಯಾಯ? ರಿಪೇರಿಯಾಗುವುದು ಗುಣ. ಮೇಲಿಂದ ಮೇಲೆ ರಿಪೇರಿಗೆ ಬರುವುದು ಗುಣವಲ್ಲ.

ಏನೇನು ಕೆಡುತ್ತಿತ್ತು ಎಂಬುದನ್ನು ಹಳೆಯ ಡ್ರೈವರುಗಳನ್ನು ಕೇಳಿ. ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಎಂಜಿನ್ ನಿಲ್ಲುತ್ತಿತ್ತು. ಪಂಪಿನ ಮೇಲೆ ಹಸಿ ಬಟ್ಟೆ ಹಾಕಿ ಕಾಯಬೇಕು. ಮುಂದಿನ ಗಾಲಿಗಳ ಕಿಂಗ್‌ಪಿನ್ನಿಗೆ ಗ್ರೀಸ್ ತಪ್ಪಿದರೆ ಸ್ಟೇರಿಂಗ್ ಕಲ್ಲಾಗುತ್ತಿತ್ತು. ಸ್ಟೇರಿಂಗಿನ ಪಕ್ಕದ ಗೇರು ಸಿಕ್ಕಿಬಿದ್ದರೆ ಇಳಿದು ಬಾನೆಟ್ ಎತ್ತಬೇಕು. ಡ್ರೈವರಿಗೆ ಗೊತ್ತಿತ್ತು, ಕ್ಲೀನರ್ ಹುಡುಗನಿಗೆ ಗೊತ್ತಿತ್ತು. ತಯಾರಿಸುವವರಿಗೆ ಗೊತ್ತಿರಲಿಲ್ಲವೆ? ಪ್ರತಿವರ್ಷ ಅದೇ ಲೆಕ್ಕದಲ್ಲಿ ಅದೇ ತಪ್ಪು ಮಾಡುವ ಹುಡುಗನನ್ನು ನಾವು ಜಾಣ ಎನ್ನುವುದಿಲ್ಲ.

ತಿದ್ದಿಕೊಳ್ಳುವ ಅಗತ್ಯ ಬೀಳಲಿಲ್ಲ, ಅಷ್ಟೆ. 1950ರ ದಶಕದ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ಅದು. ಲೈಸೆನ್ಸಿನ ಕಾಲದಲ್ಲಿ ಪರದೇಶದ ಕಾರಿಗೆ ಬಾಗಿಲು ಮುಚ್ಚಿತ್ತು, ದೇಶದೊಳಗೆ ತಯಾರಕರು ಬೆರಳೆಣಿಕೆಯಷ್ಟು, ಹಣ ಕಟ್ಟಿ ವರ್ಷಗಟ್ಟಲೆ ಕಾಯುವವರ ಸಾಲು ಬೇರೆ. ಎಲ್ಲಕ್ಕಿಂತ ದೊಡ್ಡ ಗಿರಾಕಿ ಸರಕಾರ. ಮಂತ್ರಿಗಳು, ಅಧಿಕಾರಿಗಳು ಕೂರುತ್ತಿದ್ದುದು ಹಿಂದಿನ ಸೀಟಿನಲ್ಲಿ. ಆದ್ದರಿಂದ ಅದು ಮೆತ್ತಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆಯೇ ಮನೆ ಮಂದಿಗೆ ಬೇರೆ ದಾರಿ ಕಂಡದ್ದು. ಅದರ ಸೀಟು ಇಕ್ಕಟ್ಟು, ನಿಜ. ಆದರೆ ಸ್ಟೇರಿಂಗ್ ಹಗುರ. ಎಷ್ಟೋ ಹೆಣ್ಣುಮಕ್ಕಳು ಡ್ರೈವಿಂಗ್ ಕಲಿತದ್ದು ಅದರ ಮೇಲೆ.

ನನಗೆ ನೋವಾಗುವುದು ಕಾರಿನಿಂದಲ್ಲ, ಅದರ ಜೊತೆ ಬರುವ ಉಪದೇಶದಿಂದ. “ಹಳೇ ಗಾಡಿ, ಸಂಭಾಳಿಸಿಕೊಂಡು ಹೋಗಬೇಕು” ಎನ್ನುತ್ತಾರೆ. ಗಂಡನ ಮನೆಗೆ ಹೊರಟ ಮಗಳಿಗೂ ಇದೇ ಮಾತು, ಸೋರುವ ಶಾಲೆಯ ಮಾಸ್ತರರಿಗೂ ಇದೇ ಮಾತು. ಸಂಭಾಳಿಸುವವರು ಇರುವ ತನಕ ಸರಿಪಡಿಸುವವರು ನಿಶ್ಚಿಂತರು. ತಾಳ್ಮೆಯನ್ನು ಪುಣ್ಯವೆಂದು ಕಲಿಸುವವರು, ಅದರ ಲಾಭ ಯಾರ ಜೇಬಿಗೆ ಹೋಗುತ್ತದೆ ಎಂಬುದನ್ನೂ ಕಲಿಸಲಿ.

“ಹಾಗಾದರೆ ಈಗಿನ ಕಾರು ಚಲೋ ಏನ್ರಿ? ಕಂಪ್ಯೂಟರ್ ಇಲ್ಲದೆ ಬಿಚ್ಚಲಿಕ್ಕೂ ಬರೂದಿಲ್ಲ” ಎಂದು ಕೇಳುವವರಿದ್ದಾರೆ. ಆ ದೂರು ಸರಿಯಾದದ್ದೇ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ ‘ರಿಪೇರಿಯ ಹಕ್ಕು’ ಎಂಬ ಜಾಲತಾಣ ತೆರೆಯಬೇಕಾಯಿತು. ವಾಹನಗಳೂ ಹೊಲದ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಹೊಸದರ ದೋಷ ಹಳೆಯದಕ್ಕೆ ಸರ್ಟಿಫಿಕೇಟು ಆಗುವುದಿಲ್ಲ. ಸುಲಭಕ್ಕೆ ಕೆಡದ ಕಾರು ಬೇಕು. ಕೆಟ್ಟರೆ ಹಾವೇರಿಯ ಮಿಸ್ತ್ರಿಯೇ ಬಿಚ್ಚಿ ಕೂಡಿಸುವಂತಿರಬೇಕು. ದುಡ್ಡು ಕೊಡುವವರು ಎರಡನ್ನೂ ಕೇಳಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯಿರಿ ಎನ್ನುವವರಿಗೆ, ಸೀಟು ಎಷ್ಟೇ ಮೆತ್ತಗಿರಲಿ, ನಾನಂತೂ ಕೈಮುಗಿಯಲಾರೆ.