ನಿಯಮಗಳ ಪಟ್ಟಿಯಲ್ಲಿ ಸಂತೋಷ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. 625ಕ್ಕೆ 548 ಅಂಕ ಪಡೆದ ಹುಡುಗನ ಮನೆಯಲ್ಲಿ ಮಾಡಿಟ್ಟ ಕೇಸರಿಬಾತ್ ಹಾಗೇ ತಣ್ಣಗಾಗುತ್ತಿತ್ತು. ಮಧ್ಯಾಹ್ನದವರೆಗೆ ಎಲ್ಲರೂ ನಗುನಗುತ್ತಲೇ ಇದ್ದರು. ಆಮೇಲೆ ಹಿಂದಿನ ಬೀದಿಯ ಗೆಳೆಯನಿಗೆ 603 ಬಂದಿರುವ ಸುದ್ದಿ ಬಂತು. ಅಪ್ಪ ಊಟ ಬೇಡವೆಂದು ಪೇಪರ್ ಹಿಡಿದು ಕುಳಿತರು. ಹುಡುಗ ಕೋಣೆಯ ಕದ ಹಾಕಿಕೊಂಡ. ಅವನ ಅಂಕ ಒಂದೂ ಕಡಿಮೆಯಾಗಿರಲಿಲ್ಲ. ಮನೆಯ ಸಂತೋಷ ಮಾತ್ರ ಹೊರಟುಹೋಗಿತ್ತು.

ನಾವು 'ಸಂತೋಷ ಆಯಿತು' ಎನ್ನುತ್ತೇವೆ, ಮಳೆ ಆಯಿತು ಎನ್ನುವಂತೆ. 'ಸಂತೋಷ ಮಾಡಿದೆ' ಎಂದು ಯಾರೂ ಹೇಳುವುದಿಲ್ಲ. ಅದು ಹೊರಗಿನಿಂದ ಬಂದು ನಮ್ಮ ಮೇಲೆ ಬೀಳುವ ವಸ್ತು ಎಂಬ ಭಾವನೆ ನಮ್ಮ ಮಾತಿನಲ್ಲೇ ಸೇರಿಹೋಗಿದೆ. ಪತಂಜಲಿಯ ಯೋಗಸೂತ್ರ ಹೀಗೆ ನೋಡುವುದಿಲ್ಲ. ಯೋಗದ ಎಂಟು ಅಂಗಗಳಲ್ಲಿ ಎರಡನೆಯದು ನಿಯಮ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂದು ಅದರಲ್ಲಿ ಐದು. ಅಂದರೆ ಸಂತೋಷ ಇರುವುದು ಸ್ನಾನ, ಅಧ್ಯಯನಗಳ ಜೊತೆಗೆ. ದಿನಾ ನಾವೇ ಮಾಡಬೇಕಾದ ಕೆಲಸಗಳ ಸಾಲಿನಲ್ಲಿ. ಅಪ್ಪ ನಮ್ಮ ಪರವಾಗಿ ಸ್ನಾನ ಮಾಡಲಾಗದು. ಮಗ ಅಂಕ ತಂದು ಅಪ್ಪನ ಪರವಾಗಿ ಸಂತೋಷ ಮಾಡಲೂ ಆಗದು. ಇಲ್ಲಿ ಸಂತೋಷವೆಂದರೆ ಇದ್ದುದರಲ್ಲಿ ತೃಪ್ತಿ. ಅದು ಕಾರಣ, ಸುಖ ಅದರ ಫಲ ಎನ್ನುತ್ತದೆ ಆ ಗ್ರಂಥ. ನಾವು ಫಲವನ್ನು ಹಿಡಿದುಕೊಂಡು ಕಾರಣವನ್ನು ಮರೆತಿದ್ದೇವೆ.

ಹಾಗಾದರೆ ಬಂದಷ್ಟು ಬರಲಿ ಎಂದು ಓದದೆ ಕೂರಬಹುದೇ? ಜಾಣ ವಿದ್ಯಾರ್ಥಿಗಳು ತಕ್ಷಣ ಕೇಳುವ ಪ್ರಶ್ನೆ ಇದು. ಪಟ್ಟಿಯನ್ನು ಮತ್ತೊಮ್ಮೆ ನೋಡಿ: ಸಂತೋಷದ ಮರುಕ್ಷಣವೇ ತಪಸ್ಸು ನಿಂತಿದೆ. ಕಷ್ಟಪಡುವುದಕ್ಕೆ ರಜೆ ಇಲ್ಲ.

ಇದನ್ನು ಅಭ್ಯಾಸ ಮಾಡುವುದು ಹೇಗೆ? ಮೊದಲ ಪಾದದಲ್ಲಿಯೇ ದಾರಿಗಳಿವೆ. ಸುಖವಾಗಿರುವವರ ಬಗ್ಗೆ ಸ್ನೇಹಭಾವ ಬೆಳೆಸಿಕೊಳ್ಳುವುದು ಮನಸ್ಸನ್ನು ತಿಳಿಗೊಳಿಸುವ ಒಂದು ಸಾಧನ. ಹೊಟ್ಟೆಕಿಚ್ಚು ಪಟ್ಟವನ ಹೊಟ್ಟೆಯನ್ನೇ ಮೊದಲು ಸುಡುತ್ತದೆ ಎಂದು ತಿಳಿದೇ ಹೇಳಿದಂತಿದೆ. ಅದರ ಮುಂದಿನ ಸೂತ್ರ ಉಸಿರಿಗೆ ಸಂಬಂಧಿಸಿದ್ದು. ಇದನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಉಸಿರನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಬಿಡಿ. ಬಡಿತ ಸ್ವಲ್ಪ ನಿಧಾನವಾಗುತ್ತದೆ, ಒಳಗೆಳೆದುಕೊಂಡಾಗ ಚುರುಕಾಗುತ್ತದೆ. ಮಿದುಳಿನ ಬುಡದಿಂದ ಹೃದಯಕ್ಕೆ ಇಳಿದುಬರುವ ವೇಗಸ್ ನರದ ಕೆಲಸ ಇದು. ಹೃದಯಕ್ಕೆ ನೇರವಾಗಿ ಅಪ್ಪಣೆ ಕೊಡಲು ನಮಗೆ ಬಾರದು, ಉಸಿರಿನ ಮೂಲಕ ಕೊಡಬಹುದು. ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮವಿದೆ. ಮೂಗು ಮುಟ್ಟಿ ಮುಗಿಸಿಬಿಡುವವರೇ ಹೆಚ್ಚು, ಅದು ಬೇರೆ ಮಾತು.

ಎಲ್ಲ ದುಃಖಕ್ಕೂ ಇದೇ ಮದ್ದೆಂದು ತಿಳಿಯಬಾರದು. ವಾರಗಟ್ಟಲೆ ನಿದ್ದೆ, ಊಟ ಬಿಟ್ಟ ಮಗುವಿಗೆ ಧ್ಯಾನದ ಉಪದೇಶ ಮಾಡುವುದು ತಪ್ಪು, ವೈದ್ಯರಿಗೆ ತೋರಿಸಬೇಕು. ಬದುಕೇ ಬೇಡ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಆ ಮನೆಯ ಅಜ್ಜಿ ಯೋಗಸೂತ್ರ ಓದಿದವರಲ್ಲ. ಸಂಜೆ ಎಂದಿನಂತೆ ದೇವರ ದೀಪ ಹಚ್ಚಿದರು. ಕೇಸರಿಬಾತನ್ನು ಡಬ್ಬಿಗೆ ತುಂಬಿ ಮೊಮ್ಮಗನ ಕೋಣೆಯ ಕದ ತಟ್ಟಿದರು.

"ಪುಟ್ಟಾ, ಇದನ್ನ ಅವನಿಗೆ ಕೊಟ್ಟು ಬಾರೋ."

"ನಾನು ಹೋಗಲ್ಲ ಅಜ್ಜಿ."

"ಹೋಗ್ಬೇಡ. ಬಾಗಿಲಲ್ಲೇ ಕೊಟ್ಟು ಬಂದ್ಬಿಡು."

ಮುಖ ಗಂಟಿಕ್ಕಿಕೊಂಡೇ ಹೋದ. ಬರುವಾಗ ಎಂಟೂವರೆ ಆಗಿತ್ತು. ಪಿಯುಸಿಗೆ ಇಬ್ಬರೂ ಒಂದೇ ಕಾಲೇಜಿಗೆ ಅರ್ಜಿ ಹಾಕುವ ವಿಷಯ ಹೇಳುತ್ತಾ ತಟ್ಟೆಯ ಮುಂದೆ ಕುಳಿತ. ಸಾರು ಎರಡು ಸಲ ಹಾಕಿಸಿಕೊಂಡ.

ಅಪ್ಪ ಇನ್ನೂ ಊಟಕ್ಕೆ ಎದ್ದಿರಲಿಲ್ಲ.