ಆಪತ್ತಿಗೆ ಆಗದ ಫೋನು

ಆಪತ್ತಿಗಾದವನೇ ನೆಂಟ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಮಾತಿನಿಂದ ಅಳೆದು ನೋಡಿದರೆ ಇಂದು ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲ್ ಫೋನು ನೆಂಟನೆನ್ನಿಸಿಕೊಳ್ಳಲು ಯೋಗ್ಯವಲ್ಲ. ಬಿಸಿಲು ಕಾಯುವ ದಿನಗಳಲ್ಲಿ ಅದು ಹೊತ್ತು ಗೊತ್ತಿಲ್ಲದೆ ಬಡಿದುಕೊಳ್ಳುತ್ತದೆ. ಸಾಲ ಬೇಕೇ, ವಿಮೆ ಬೇಕೇ, ಹೊಸ ರೀಚಾರ್ಜು ಬೇಕೇ ಎಂದು ಪೀಡಿಸುತ್ತದೆ. ಹೊಳೆ ಏರಿ ಊರೊಳಗೆ ನುಗ್ಗಿದ ರಾತ್ರಿ, ಗುಡ್ಡ ಜರಿದ ರಾತ್ರಿ, ಒಂದೇ ಒಂದು ಮಾತು ಮುಟ್ಟಿಸಬೇಕಾದಾಗ ಮಾತ್ರ ಮೂಕವಾಗುತ್ತದೆ. ಹೀಗೇಕೆ ಆಗುತ್ತದೆ, ಇದಕ್ಕೆ ಹೊಣೆ ಯಾರು ಎಂಬುದನ್ನು ಮಳೆಗಾಲ ಬಾಗಿಲು ಬಡಿಯುವ ಮೊದಲೇ ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳನ್ನು ನೀರಿನಲ್ಲಿ ಮುಳುಗಿಸಿದವು. ಎರಡು ಕಡೆಯೂ ರಸ್ತೆ ಹೋಯಿತು, ವಿದ್ಯುತ್ತು ಹೋಯಿತು, ಅದರ ಬೆನ್ನಿಗೇ ಫೋನೂ ಹೋಯಿತು. ಹೊಳೆದಂಡೆಯ ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಪೇಟೆಯ ಗಿರಣಿಯಲ್ಲಿ ರಾತ್ರಿಪಾಳಿ ಮಾಡುವ ಕೆಲಸಗಾರನಿಗೆ ಇದರ ಅರ್ಥವೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಅವರು ಬದುಕಿದ್ದಾರೆಯೇ ಎಂಬ ಒಂದು ಮಾತಿಗಾಗಿ ಆತ ದಿನಗಟ್ಟಲೆ ಕಾಯಬೇಕು. ಮಾಡಿನ ಮೇಲೆ ಕುಳಿತ ಸಂಸಾರಕ್ಕಾದರೋ ದೋಣಿ ಕರೆಯುವ ದಾರಿಯೇ ಇಲ್ಲ.

ಇದನ್ನು ಕೇಳಿದರೆ ಸಿದ್ಧವಾಗಿರುವ ಉತ್ತರ ಒಂದೇ: ಪ್ರಕೃತಿಯ ಮುನಿಸಿನ ಮುಂದೆ ಮನುಷ್ಯನದೇನು ನಡೆಯುತ್ತದೆ? ಕೇಳುವುದಕ್ಕೆ ಇದು ವೇದಾಂತದಂತಿದೆ. ಆದರೆ ನಿಜವೇ? ಆಸ್ಟ್ರೇಲಿಯಾದಲ್ಲಿ 2019-20ರ ಬೇಸಿಗೆಯಲ್ಲಿ ಕಾಡುಗಳು ತಿಂಗಳುಗಟ್ಟಲೆ ಉರಿದವು. ಸಾವಿರಕ್ಕೂ ಹೆಚ್ಚು ಕಡೆ ದೂರಸಂಪರ್ಕಕ್ಕೆ ಧಕ್ಕೆಯಾಯಿತು. ಬಳಿಕ ಅಲ್ಲಿನ ಸಂಪರ್ಕ ಮತ್ತು ಮಾಧ್ಯಮ ಪ್ರಾಧಿಕಾರ ಕೂತು ಲೆಕ್ಕ ಹಾಕಿತು. ಬೆಂಕಿಯೇ ತಾಗಿ ಸುಟ್ಟದ್ದರಿಂದ ಆದ ಹಾನಿ ನೂರಕ್ಕೆ 1 ಮಾತ್ರ. ನೂರರಲ್ಲಿ 88 ಕಡೆ ಆದದ್ದು ಇಷ್ಟೇ: ವಿದ್ಯುತ್ತು ನಿಂತಿತು, ಟವರೂ ನಿಂತಿತು. ಪ್ರಕೃತಿ ಕೆಡವಿದ್ದು ವಿದ್ಯುತ್ ತಂತಿಯನ್ನು. ತಂತಿ ಹರಿದ ಮೇಲೆ ಟವರನ್ನು ಬದುಕಿಸಿಡಬೇಕಾಗಿದ್ದ ಏರ್ಪಾಟು ಸಾಲದಾದದ್ದು ಮನುಷ್ಯರ ಲೆಕ್ಕಾಚಾರದಿಂದ.

ಈ ಏರ್ಪಾಟು ಏನೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಮೊಬೈಲ್ ಟವರು ಎಲ್ಲರ ಮನೆಯ ದೀಪದಂತೆ ವಿದ್ಯುತ್ತಿನಿಂದ ನಡೆಯುವ ಯಂತ್ರ. ವಿದ್ಯುತ್ತು ಹೋದೊಡನೆ ಕೆಳಗಿನ ಪೆಟ್ಟಿಗೆಯ ಬ್ಯಾಟರಿಗಳು ಅದನ್ನು ನಡೆಸುತ್ತವೆ; ಅವು ತಾಳುವುದು ಕೆಲವು ಗಂಟೆ. ಆಮೇಲೆ ಡೀಸೆಲ್ ಜನರೇಟರು ಇದ್ದರೆ ಅದು ಓಡಬೇಕು. ಡೀಸೆಲನ್ನು ಯಾರಾದರೂ ಕ್ಯಾನಿನಲ್ಲಿ ಹೊತ್ತು ತರಬೇಕು. ಸೇತುವೆಯೇ ಕೊಚ್ಚಿಹೋದ ದಿನ ಅದನ್ನು ತರುವುದು ಹೇಗೆ? ಇನ್ನೊಂದು ಸಂಗತಿ: ಟವರು ಒಂಟಿಯಾಗಿ ನಿಂತು ಮಾತು ದಾಟಿಸಲಾರದು. ಅದು ಆಪ್ಟಿಕಲ್ ಫೈಬರಿನಿಂದಲೋ ಮೈಕ್ರೋವೇವಿನಿಂದಲೋ ಬೇರೊಂದು ಟವರಿಗೆ, ಅಲ್ಲಿಂದ ವಿನಿಮಯ ಕೇಂದ್ರಕ್ಕೆ ಜೋಡಿಸಿಕೊಂಡಿರುತ್ತದೆ. ನಡುವಿನ ದೊಡ್ಡ ಟವರೊಂದು ಕಣ್ಣು ಮುಚ್ಚಿದರೆ ಅದಕ್ಕೆ ಜೋತುಬಿದ್ದ ಹತ್ತಾರು ಊರುಗಳ ಟವರುಗಳು, ಅವುಗಳ ಬ್ಯಾಟರಿಯಲ್ಲಿ ಜೀವವಿದ್ದರೂ, ಕೆಲಸಕ್ಕೆ ಬಾರದಾಗುತ್ತವೆ. ಫೈಬರು ಹೆಚ್ಚಾಗಿ ರಸ್ತೆಯ ಬದಿಗೇ ಹೂಳಲ್ಪಟ್ಟಿರುವುದರಿಂದ ರಸ್ತೆ ಕುಸಿದಲ್ಲಿ ಅದೂ ತುಂಡಾಗುತ್ತದೆ.

ಹಳೆಯ ತಂತಿಯ ಟೆಲಿಫೋನನ್ನು ಬಲ್ಲವರು ಒಂದು ವ್ಯತ್ಯಾಸವನ್ನು ನೆನೆಯಬಹುದು. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ ಹರಿದು ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಸಾಲುಸಾಲು ಬ್ಯಾಟರಿಗಳೂ ಎಂಜಿನ್ನೂ ಇರುತ್ತಿದ್ದವು. ಮನೆಯಲ್ಲಿ ದೀಪ ಆರಿದರೂ ಫೋನು ಸಾಯುತ್ತಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತೆಂದು ನಾವು ಹಾಡುವವರಲ್ಲ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರನ್ನು ನಾವು ಮರೆತಿಲ್ಲ, ಬಡವನ ಮನೆಗೆ ಆ ಫೋನು ಬರಲೇ ಇಲ್ಲ. ಇಂದು ಕೂಲಿಕಾರನ ಕೈಗೂ ಫೋನು ಬಂದಿರುವುದು ದೊಡ್ಡ ಸಂಗತಿ. ಆದರೆ ಅದು ಬಂದ ಮೇಲೆ ಹಳೆಯ ದಾರಿಗಳು ಒಂದೊಂದಾಗಿ ಮುಚ್ಚಿದವು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಬೀದಿಯ ಕಾಸಿನ ಫೋನುಗಳು ಕಾಣೆಯಾದವು. ಉಳಿದಿರುವುದು ಇದೊಂದೇ ದಾರಿ ಎಂದಮೇಲೆ ಇದು ಗಟ್ಟಿಯಾಗಿರಬೇಡವೇ?

ಹಾಗಾದರೆ ಹೆಚ್ಚು ಗಂಟೆ ತಾಳುವ ಬ್ಯಾಟರಿಯನ್ನು ಏಕೆ ಇಡುವುದಿಲ್ಲ? ಬ್ಯಾಟರಿಯ ಖರ್ಚು ಪ್ರತಿವರ್ಷ ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ನೆರೆಯಲ್ಲಿ ಸತ್ತವನ ನಷ್ಟ ಆ ಪುಸ್ತಕದ ಯಾವ ಪುಟಕ್ಕೂ ಬರುವುದಿಲ್ಲ. ಅಮೆರಿಕದ ಕಥೆಯನ್ನೇ ನೋಡಿ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಆ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಟವರುಗಳು ನಿಂತುಹೋದವು. ಎರಡು ವರ್ಷಗಳ ನಂತರ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಒಂದು ನಿಯಮ ಮಾಡಿತು: ಪ್ರತಿ ಟವರಿಗೂ 8 ಗಂಟೆ, ಪ್ರತಿ ಎಕ್ಸ್‌ಚೇಂಜಿಗೂ 24 ಗಂಟೆ ಬದಲಿ ವಿದ್ಯುತ್ತು ಇರಬೇಕು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಅಧ್ಯಕ್ಷರ ಅಧೀನದ ಮುಂಗಡಪತ್ರ ಕಚೇರಿ ನಿಯಮಕ್ಕೆ ಒಪ್ಪಿಗೆ ಕೊಡಲಿಲ್ಲ. ನಿಯಮ ಜಾರಿಗೆ ಬರಲೇ ಇಲ್ಲ. 2019ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಭಯದಿಂದ ವಿದ್ಯುತ್ತನ್ನು ನಿಲ್ಲಿಸಿದಾಗ ಮರಿನ್ ಎಂಬ ಒಂದು ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಟವರುಗಳು ಸತ್ತವು. ಆಗ ಆ ರಾಜ್ಯಕ್ಕೆ ಬುದ್ಧಿ ಬಂತು. ಬೆಂಕಿಯ ಅಪಾಯ ಹೆಚ್ಚಾಗಿರುವ ಪ್ರದೇಶಗಳಲ್ಲಿ 72 ಗಂಟೆಗಳ ಬದಲಿ ವಿದ್ಯುತ್ತು ಕಡ್ಡಾಯವೆಂದು 2020ರಲ್ಲಿ ಆಜ್ಞೆ ಮಾಡಿತು.

ಜಪಾನಿನಲ್ಲಿ 2011ರ ಮಾರ್ಚ್ 11ರ ಭೂಕಂಪ, ಸುನಾಮಿಗಳ ನಂತರ ಅಲ್ಲಿನ ಅತಿ ದೊಡ್ಡ ಮೊಬೈಲ್ ಕಂಪನಿ ದೇಶದುದ್ದಕ್ಕೂ ಸುಮಾರು 100 ಕಡೆ ವಿಶೇಷ ಕೇಂದ್ರಗಳನ್ನು ಕಟ್ಟಿತು. ಒಂದೊಂದೂ ಸುತ್ತ 7 ಕಿಲೋಮೀಟರು ಮುಟ್ಟಬಲ್ಲದು. ದಿನನಿತ್ಯದಲ್ಲಿ ಅವು ಸುಮ್ಮನಿರುತ್ತವೆ. ಸಣ್ಣ ಟವರುಗಳು ಬಿದ್ದ ದಿನ ಎದ್ದು ಕೆಲಸ ಮಾಡುತ್ತವೆ. ಕ್ಯಾಲಿಫೋರ್ನಿಯಾವಾಗಲಿ ಜಪಾನಾಗಲಿ ಸಮಾಜವಾದಿ ನಾಡುಗಳಲ್ಲ. ಬಂಡವಾಳದ ನಾಡುಗಳಲ್ಲೇ ಜನರ ಒತ್ತಾಯ ಬಿದ್ದಾಗ ಆದ ಕೆಲಸ ನಮ್ಮಲ್ಲಿ ಆಗದೆಂದು ಹೇಳುವವರಿಗೆ ಮನಸ್ಸಿಲ್ಲವೆಂದೇ ತಿಳಿಯಬೇಕಾಗುತ್ತದೆ.

ನಮ್ಮ ಸರಕಾರ ಏನೂ ಮಾಡಿಲ್ಲವೆಂದು ಹೇಳುವುದು ನ್ಯಾಯವಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಫೋನುಗಳೆಲ್ಲ ಒಮ್ಮೆಗೇ ಕೂಗಿಕೊಂಡದ್ದು ವಾಚಕರಿಗೆ ನೆನಪಿರಬಹುದು. ಅದು ಆಪತ್ತಿನ ಎಚ್ಚರಿಕೆಯನ್ನು ಪರೀಕ್ಷಿಸಿ ನೋಡಿದ್ದು. ಒಂದು ಕಂಪನಿಯ ಟವರು ಸತ್ತರೆ ಅದರ ಗಿರಾಕಿ ಬೇರೆ ಕಂಪನಿಯ ಟವರಿನಿಂದ ಮಾತಾಡುವ ಏರ್ಪಾಟನ್ನೂ ಕೆಲವು ಆಪತ್ತುಗಳಲ್ಲಿ ಮಾಡಲಾಗಿದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳನ್ನು ನಿಲ್ಲಿಸಿದೆ; ಅವು ತಾವೇ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳಿಸುತ್ತವೆ. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ. ಆದರೆ ಕೂಗುವ ಫೋನಿಗೂ, ಲೆಕ್ಕ ಕಳಿಸುವ ಮಳೆಯಂತ್ರಕ್ಕೂ ಆಧಾರ ಅದೇ ಟವರು. ಊರಿಗೆ ಎಚ್ಚರಿಕೆಯ ಗಂಟೆ ಕಟ್ಟಿದರಾಯಿತೇ? ಗಂಟೆ ಕಟ್ಟಿದ ಕಂಬ ಮಳೆಗೆ ನಿಲ್ಲಬೇಕಲ್ಲ!

ಕಂಬವನ್ನು ನಿಲ್ಲಿಸುವವರು ಯಾರೆಂಬುದು ವಯನಾಡಿನಲ್ಲಿ ಕಂಡಿತು. 2024ರ ಜುಲೈ 30ರ ನಸುಕಿನಲ್ಲಿ ನಮ್ಮ ಗಡಿಗೆ ಅಂಟಿಕೊಂಡ ಆ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಇಳಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವಿದ್ಯುತ್ತು ಇಲ್ಲದ ಚೂರಲ್‌ಮಲೆಯಲ್ಲಿ ಸಾರ್ವಜನಿಕ ಒಡೆತನದ ಬಿ.ಎಸ್.ಎನ್.ಎಲ್. ಟವರನ್ನು ಕೆಲಸಗಾರರು ಡೀಸೆಲ್ ಎಂಜಿನ್ನಿನಿಂದ ನಡೆಸಿದರು. ಬೇಗನೆ ಅದರ ಶಕ್ತಿಯನ್ನೂ ಹೆಚ್ಚಿಸಿದರು. ಹೆಣ ಹುಡುಕುವವರೂ ಬದುಕಿದವರನ್ನು ಸಾಗಿಸುವವರೂ ಅದರ ಆಸರೆಯಲ್ಲಿ ಮಾತಾಡಿದರು. ಇಂಥ ಕೆಲಸಗಾರರಿಗೆ ನಮ್ಮ ದೇಶ ಕೊಟ್ಟ ಉಡುಗೊರೆ ಏನು? 2020ರ ಜನವರಿಯಲ್ಲಿ ಆ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ನೌಕರರನ್ನು, 78 ಸಾವಿರಕ್ಕೂ ಮಿಕ್ಕಿ ಜನರನ್ನು, ಸ್ವಯಂನಿವೃತ್ತಿಯ ಹೆಸರಿನಲ್ಲಿ ಒಂದೇ ದಿನ ಮನೆಗೆ ಕಳಿಸಲಾಯಿತು. ಯಾವ ಕೇಬಲು ಯಾವ ಮೋರಿಯ ಕೆಳಗೆ ಹಾದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು ಅವರಲ್ಲಿದ್ದರು. ಈಗ ಟವರಿಗೆ ಡೀಸೆಲ್ ಹೊರುವವನು ಬಹುಮಟ್ಟಿಗೆ ಗುತ್ತಿಗೆದಾರನ ಕೈಕೆಳಗಿನ ಆಳು. ಅಂಥವನಿಂದ ನೆರೆಯ ರಾತ್ರಿ ಪ್ರಾಣ ಒತ್ತೆಯಿಡೆಂದು ಕೇಳುವ ನೈತಿಕ ಹಕ್ಕು ಯಾರಿಗಿದೆ?

ಪೇಟೆಯ ಸಣ್ಣ ವ್ಯಾಪಾರಿಗಳು ಇದು ಹೊಳೆದಂಡೆಯವರ ಗೋಳು ಎಂದು ಸುಮ್ಮನಿರುವಂತಿಲ್ಲ. ಕಿರಾಣಿ ಅಂಗಡಿಯಿಂದ ಹಿಡಿದು ತರಕಾರಿ ಗಾಡಿಯವರೆಗೆ ಈಗ ದುಡ್ಡು ಬರುವುದು ಫೋನಿನ ಮೂಲಕ. ಗಿರಣಿಯ ಪಗಾರ ಬ್ಯಾಂಕಿಗೆ ಬೀಳುತ್ತದೆ, ಬ್ಯಾಂಕಿನ ಎ.ಟಿ.ಎಂ. ಕೂಡ ಸಂಪರ್ಕವಿದ್ದರಷ್ಟೆ ನೋಟು ಕೊಡುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ಪಡೆಯುವ ಯಂತ್ರಕ್ಕೂ ನೆಟ್‌ವರ್ಕು ಬೇಕು. ನೆಟ್‌ವರ್ಕು ಸತ್ತ ಊರಿನಲ್ಲಿ ಕೊಳ್ಳುವವನ ಕೈಯಲ್ಲಿ ದುಡ್ಡಿದ್ದೂ ಇಲ್ಲ, ಮಾರುವವನ ಅಂಗಡಿಯಲ್ಲಿ ಮಾಲಿದ್ದೂ ವ್ಯಾಪಾರವಿಲ್ಲ. ಹಾಲು, ಅಕ್ಕಿ, ಔಷಧಿಗಳನ್ನು ಉದ್ರಿ ಕೊಟ್ಟು ನೆರೆಹೊರೆಯನ್ನು ಕಾಯುವವನು ಕೊನೆಗೆ ಅದೇ ಸಣ್ಣ ಅಂಗಡಿಯವನು. ಕಾಗದದ ನೋಟನ್ನು ಬಿಟ್ಟು ಫೋನಿಗೆ ಬನ್ನಿ ಎಂದು ಜನರನ್ನು ಕರೆದವರು ಫೋನಿಗೆ ಹೊಣೆಯಾಗಬೇಡವೇ?

ಖರ್ಚಿನ ಮಾತೆತ್ತಿದರೆ ದರ ಏರಿಸಬೇಕಾಗುತ್ತದೆ ಎಂದು ಕಂಪನಿಗಳು ಹೆದರಿಸುವುದುಂಟು. ದರ ಏರಿಸಲು ಅವರಿಗೆ ನೆಪ ಬೇಕಾಗಿಲ್ಲ. ವಯನಾಡು ಕುಸಿದ ಅದೇ 2024ರ ಜುಲೈಯ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೆ ಒಂದು ಶೇಕಡಾ 10ರಿಂದ 25ರ ವರೆಗೆ ದರ ಏರಿಸಿದವು. ಮತ್ತೊಂದು ಸಂಗತಿ ಎಲ್ಲರಿಗೂ ತಿಳಿದಿಲ್ಲ. ಟೆಲಿಫೋನ್ ಕಂಪನಿಗಳು ಲೆಕ್ಕ ಹಾಕಿದ ವರಮಾನದ ಶೇಕಡಾ 5ನ್ನು ಸರಕಾರದ ನಿಧಿಯೊಂದಕ್ಕೆ ಕಟ್ಟಬೇಕು. 2002ರಲ್ಲಿ ಆರಂಭವಾದ ಈ ನಿಧಿಗೆ 2023ರ ದೂರಸಂಪರ್ಕ ಕಾಯಿದೆ ಡಿಜಿಟಲ್ ಭಾರತ ನಿಧಿ ಎಂದು ಹೆಸರಿಟ್ಟಿದೆ. ಕಟ್ಟುವುದು ಕಂಪನಿಯಾದರೂ ದುಡ್ಡು ಬರುವುದು ನಮ್ಮ ನಿಮ್ಮ ರೀಚಾರ್ಜಿನಿಂದಲೇ. ಹಳ್ಳಿಗಾಡಿಗೂ ದೂರದ ಪ್ರದೇಶಗಳಿಗೂ ಸೇವೆ ಮುಟ್ಟಿಸುವುದು ಅದರ ಉದ್ದೇಶ. ಮಳೆ ಬಂದ ದಿನ ಸಾಯುವ ಟವರು ಹಳ್ಳಿಗೆ ಮುಟ್ಟಿದ ಸೇವೆಯೇ? ಬ್ಯಾಟರಿಗಳು ಕಳುವಾಗುತ್ತವೆ, ಡೀಸೆಲ್ ದುಬಾರಿ ಎಂಬ ತಕರಾರುಗಳಲ್ಲಿ ಸತ್ಯವಿಲ್ಲದಿಲ್ಲ. ಸೂರ್ಯನ ಬೆಳಕಿನ ಹಲಗೆ, ಹೊಸ ಬಗೆಯ ಬ್ಯಾಟರಿ, ಒಬ್ಬ ಕಾವಲುಗಾರ, ಇವಕ್ಕೆ ಆ ನಿಧಿಯಿಂದ ಖರ್ಚು ಮಾಡಲಿ.

ಆದ್ದರಿಂದ ನಾವು ಸ್ಪಷ್ಟವಾಗಿ ಕೇಳುವುದಿಷ್ಟು. ನೆರೆ ಬರುವ, ಗುಡ್ಡ ಕುಸಿಯುವ ತಾಲೂಕುಗಳಲ್ಲಿ ಟವರು ಎಷ್ಟು ಗಂಟೆ ತಾಳಬೇಕೆಂಬುದನ್ನು ಕಾಯಿದೆಯೇ ಹೇಳಲಿ. ಹಲವು ಊರುಗಳಿಗೆ ಆಧಾರವಾದ ನಡುವಿನ ಟವರಿಗೆ 72 ಗಂಟೆಗೆ ಕಡಿಮೆ ಬೇಡ. ಯಾವ ಟವರು ಯಾವ ದಿನ ಎಷ್ಟು ಹೊತ್ತು ನಿಂತಿತ್ತೆಂಬ ಪಟ್ಟಿಯನ್ನು ತಾಲೂಕು ಕಚೇರಿಯ ಹಲಗೆಗೆ ಅಂಟಿಸಲಿ. ಆಪತ್ತು ಘೋಷಣೆಯಾದ ಕ್ಷಣದಿಂದ ಯಾವ ಕಂಪನಿಯ ಫೋನಾದರೂ ಬದುಕಿರುವ ಯಾವ ಟವರಿನಿಂದಲಾದರೂ ಮಾತಾಡುವಂತಾಗಲಿ. ಪ್ರತಿಸಲವೂ ದಿಲ್ಲಿಯ ಆಜ್ಞೆಗೆ ಕಾಯುವಂತಾಗದಿರಲಿ. ಮುಂಗಾರಿಗೆ ಮುಂಚೆ ಡೀಸೆಲಿನ ದಾಸ್ತಾನನ್ನು ತಹಶೀಲ್ದಾರರು ಕಣ್ಣಾರೆ ನೋಡಿ ರುಜು ಹಾಕಲಿ. ಟವರು ಕಾಯುವ ಕೆಲಸಗಾರನಿಗೆ ಖಾಯಂ ನೌಕರಿ, ವಿಮೆ, ಆಪತ್ತಿನ ದಿನಗಳ ಹೆಚ್ಚುವರಿ ಕೂಲಿ ಸಿಗಲಿ.

ವಾಚಕರು ಮಾಡಬೇಕಾದ ಕೆಲಸವೂ ಇದೆ. ನಾಲ್ಕು ನಂಬರುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸೆಲ್ಲು ಹಾಕುವ ಸಣ್ಣ ರೇಡಿಯೋ ಒಂದು ಮನೆಯಲ್ಲಿರಲಿ. ಆಪತ್ತಿನಲ್ಲಿ ಉದ್ದುದ್ದ ಮಾತಾಡದೆ ಎರಡು ಸಾಲಿನ ಸಂದೇಶ ಕಳಿಸಿ. ಎಲ್ಲರೂ ಒಮ್ಮೆಗೇ ಕರೆ ಮಾಡಿದರೆ ಬದುಕಿರುವ ಟವರೂ ಉಸಿರುಗಟ್ಟುತ್ತದೆ. ಇನ್ನೂ ಮುಖ್ಯವಾದದ್ದು: ಗಿರಣಿಯ ಯೂನಿಯನ್ನಿನವರೂ ವರ್ತಕರ ಸಂಘದವರೂ ಕೂಡಿ ತಮ್ಮ ತಮ್ಮ ಊರಿನ ಟವರು ವಿದ್ಯುತ್ತು ಹೋದ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಒಂದು ತಿಂಗಳು ಗುರುತು ಹಾಕಿಡಲಿ. ತಾರೀಖು, ಗಂಟೆ, ಊರಿನ ಹೆಸರು ಇಷ್ಟು ಸಾಕು. ಗಡಿಯಾರ ನೋಡಿ ಬರೆದ ಆ ಪಟ್ಟಿಯೊಡನೆ ನೂರು ಜನ ಜಿಲ್ಲಾಧಿಕಾರಿಗಳ ಕಚೇರಿಗೆ ಹೋದರೆ ಪ್ರಕೃತಿಯ ಮುನಿಸು ಎಂಬ ಹಳೆಯ ಉತ್ತರ ಅಲ್ಲಿ ನಡೆಯಲಾರದು. ಮುಂಗಾರಿನ ಮೊದಲ ಗುಡುಗಿಗೆ ಮುನ್ನ ಈ ಕೆಲಸ ಆಗಬೇಕು.