ಬಾಡದ ಚಿತ್ರಕ್ಕೆ ಯಾವ ಯಂತ್ರ?

ನಡುಮನೆಯ ಗೋಡೆಯ ಮೇಲೆ ಎರಡು ಮದುವೆಯ ಚಿತ್ರಗಳು ಅಕ್ಕಪಕ್ಕದಲ್ಲಿ ತೂಗುತ್ತಿರುವುದನ್ನು ಇಂದು ಅನೇಕ ಮನೆಗಳಲ್ಲಿ ಕಾಣಬಹುದು. ಒಂದು ಅಜ್ಜ ಅಜ್ಜಿಯರದು, ಕಪ್ಪುಬಿಳುಪಿನದು. ಅರುವತ್ತು ಮಳೆಗಾಲಗಳನ್ನು ಕಂಡಿದ್ದರೂ ಅದರಲ್ಲಿ ಅಜ್ಜಿಯ ಮೂಗುತಿಯ ಹರಳುಗಳನ್ನು ಎಣಿಸಬಹುದು. ಇನ್ನೊಂದು ಮೊಮ್ಮಗನದು. ಮನೆಯ ಮೇಜಿನ ಮೇಲಿನ ಪ್ರಿಂಟರಿನಲ್ಲಿಯೇ ಅಚ್ಚಾದ ವರ್ಣಚಿತ್ರ. ಕೆಲವೇ ವರ್ಷಗಳಲ್ಲಿ ವಧುವಿನ ಹಸಿರು ಸೀರೆ ಮಾಸಿದೆ. ಮುಖಗಳೆಲ್ಲ ಕಿತ್ತಳೆಯ ಛಾಯೆಗೆ ತಿರುಗಿವೆ. ಹಳೆಯದು ಉಳಿದು ಹೊಸದು ಬಾಡಿದುದೇಕೆ? ಚಿತ್ರಮುದ್ರಣಕ್ಕೆಂದು ಇಂಕ್‌ಜೆಟ್ ಯಂತ್ರವನ್ನು ಕೊಳ್ಳಹೊರಟವರು ಬೆಲೆಯನ್ನು ವಿಚಾರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಅಜ್ಜನ ಚಿತ್ರದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಸೂಕ್ಷ್ಮ ಕಣಗಳು. ಲೋಹವಾದುದರಿಂದ ಅದು ಬಿಸಿಲಿಗೆ ಸುಲಭವಾಗಿ ಸೋಲದು. ಮೊಮ್ಮಗನ ಚಿತ್ರದಲ್ಲಿರುವುದು ಶಾಯಿ. ಆ ಶಾಯಿಯಲ್ಲಿ ಎರಡು ಜಾತಿ. ನೀರಿನಲ್ಲಿ ಸಕ್ಕರೆ ಕರಗಿದಂತೆ ಬಣ್ಣವು ಸಂಪೂರ್ಣ ಕರಗಿರುವುದು ಡೈ ಶಾಯಿ. ರಂಗೋಲಿಯ ಪುಡಿಯನ್ನು ನೀರಿನಲ್ಲಿ ಕದಡಿದಂತೆ, ಕರಗದ ನುಣ್ಣನೆಯ ಕಣಗಳು ತೇಲುತ್ತಿರುವುದು ಪಿಗ್ಮೆಂಟ್ ಶಾಯಿ. ಡೈ ಶಾಯಿ ಕಾಗದದೊಳಕ್ಕೆ ಇಳಿದು, ಹೊಳಪಿನ ಕಾಗದದ ಮೇಲೆ ಬಲು ಕಾಂತಿಯಿಂದ ಕಂಗೊಳಿಸುತ್ತದೆ. ಆದರೆ ಅದರ ಅಣುಗಳನ್ನು ಬೆಳಕೂ ಗಾಳಿಯಲ್ಲಿರುವ ಓಜೋನ್ ಅನಿಲವೂ ಬೇಗ ಮುರಿಯುತ್ತವೆ. ಪಿಗ್ಮೆಂಟಿನ ಕಣವು ಹೊರಮೈಯಲ್ಲಿ ಕೆಡುತ್ತ ಬಂದರೂ ಒಳಗಿನ ಭಾಗ ಉಳಿದಿರುತ್ತದೆ. ಅದರ ಆಯುಷ್ಯ ಹೆಚ್ಚು.

ಈ ಪಾಠವನ್ನು ವೃತ್ತಿಪರರೂ ಕೈ ಸುಟ್ಟುಕೊಂಡೇ ಕಲಿತರು. ಗಾಯಕನೂ ಛಾಯಾಗ್ರಾಹಕನೂ ಆದ ಗ್ರಹಾಮ್ ನ್ಯಾಶ್ 1,26,000 ಡಾಲರು ಬೆಲೆಯ ಐರಿಸ್ 3047 ಎಂಬ ಯಂತ್ರವನ್ನು ಕೊಂಡು, 1991ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿತ್ರಮುದ್ರಣಾಲಯವನ್ನು ತೆರೆದನು. ಮುದ್ರಣಾಲಯಗಳಲ್ಲಿ ಕರಡು ತೆಗೆಯಲೆಂದು ಹುಟ್ಟಿದ್ದ ಆ ಯಂತ್ರ ಕಲಾಕೃತಿಗಳನ್ನೇ ಮುದ್ರಿಸತೊಡಗಿತು. ಚಿತ್ರಗಳೇನೋ ಮನೋಹರವಾಗಿದ್ದವು, ಆದರೆ ಆಗಿನ ಡೈ ಶಾಯಿಯ ಬಣ್ಣಗಳು ಕೆಲವೇ ವರ್ಷಗಳಲ್ಲಿ ಕಳೆಗುಂದಿದವು. ಮೇಜಿನ ಮೇಲೆ ಇಡಬಹುದಾದ ಗಾತ್ರದ, ಬಹುಕಾಲ ಬಾಳುವ ಚಿತ್ರಗಳಿಗೆಂದೇ ಪಿಗ್ಮೆಂಟ್ ಶಾಯಿಯನ್ನು ಬಳಸುವ ಎಪ್ಸನ್ 2000ಪಿ ಎಂಬ ಯಂತ್ರವು 2000ರಲ್ಲಿ ಬಂದಿತು. ನ್ಯಾಶ್‌ನ ಐರಿಸ್ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಅಂಗಡಿಯಲ್ಲಿ ಮಾರುವವನು ಬೇರೆಯೇ ಅಂಕಿಗಳನ್ನು ಹೇಳುತ್ತಾನೆ. ಒಂದು ಅಂಗುಲದಲ್ಲಿ 4,800 ಚುಕ್ಕಿ, 5,760 ಚುಕ್ಕಿ ಎಂಬುದು ಶಾಯಿಯ ಹನಿಗಳನ್ನು ಎಷ್ಟು ಒತ್ತಾಗಿ ಇಡಬಹುದೆಂಬ ಲೆಕ್ಕ. ಚಿತ್ರದ ಸ್ಫುಟತೆಯ ಲೆಕ್ಕವಲ್ಲ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಪಿಕ್ಸೆಲ್‌ಗಳಿದ್ದರೆ ಸಾಕು. 12 ಅಂಗುಲ ಉದ್ದ, 8 ಅಂಗುಲ ಅಗಲದ ಚಿತ್ರಕ್ಕೆ ಬೇಕಾಗುವುದು 86,40,000 ಪಿಕ್ಸೆಲ್‌ಗಳು ಮಾತ್ರ. ಇಂದಿನ ಸಾಮಾನ್ಯ ಕ್ಯಾಮೆರ ಅದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಹನಿಯನ್ನು ಶಾಖದಿಂದ ಚಿಮ್ಮಿಸುವ ಯಂತ್ರ ಮೇಲೋ, ವಿದ್ಯುತ್ತಿನಿಂದ ಬಾಗುವ ಹರಳಿನಿಂದ ತಳ್ಳುವ ಯಂತ್ರ ಮೇಲೋ ಎಂಬ ಚರ್ಚೆಯೂ ಕೊಳ್ಳುವವನಿಗೆ ಅನಗತ್ಯ. ಎರಡರಲ್ಲಿಯೂ ಉತ್ತಮ ಚಿತ್ರಗಳು ಬರುತ್ತವೆ.

ಎಣಿಸಬೇಕಾದುದು ಬಣ್ಣಗಳನ್ನು. ಕಡತ ಪತ್ರಗಳಿಗೆ ನಾಲ್ಕು ಶಾಯಿ ಸಾಕು. ಚಿತ್ರಕ್ಕೆ ತಿಳಿನೀಲಿ, ತಿಳಿಗುಲಾಬಿ ಸೇರಿ ಆರಾದರೂ ಇದ್ದರೆ ಮಗುವಿನ ಕೆನ್ನೆ, ಸಂಜೆಯ ಆಕಾಶಗಳು ಚುಕ್ಕಿಚುಕ್ಕಿಯಾಗಿ ಕಾಣವು. ಬೂದು ಬಣ್ಣದ ಶಾಯಿಯೂ ಇದ್ದರೆ ಕಪ್ಪುಬಿಳುಪಿನ ಚಿತ್ರಕ್ಕೆ ಹಸಿರು, ನೇರಳೆಗಳ ಸೋಂಕು ತಟ್ಟದು. ಎಪ್ಸನ್ ಎಲ್ 8050ರಂತಹ ಆರು ಬಣ್ಣದ ಯಂತ್ರದಲ್ಲಿ ಡೈ ಶಾಯಿಯನ್ನು ಶೀಸೆಯಿಂದ ತೊಟ್ಟಿಗೆ ತುಂಬಿದರಾಯಿತು. ಚಿತ್ರವೊಂದಕ್ಕೆ ತಗಲುವ ವೆಚ್ಚ ಅಲ್ಪ. ಆಲ್ಬಮ್ಮಿಗೆ, ಬಂಧುಗಳಿಗೆ ಹಂಚಲಿಕ್ಕೆ ಇದು ಧಾರಾಳವಾಗಿ ಸಾಕು. ಪ್ರದರ್ಶನಕ್ಕೆ, ಮಾರಾಟಕ್ಕೆ, ಮುಂದಿನ ತಲೆಮಾರಿಗೆ ಎಂಬುವರು 2020ರಲ್ಲಿ ಬಂದ ಎಪ್ಸನ್ ಪಿ 700 ಅಥವಾ ಕ್ಯಾನನ್ ಪ್ರೊ 300ರ ವರ್ಗದ, ಹತ್ತು ಶಾಯಿಗಳ ಪಿಗ್ಮೆಂಟ್ ಯಂತ್ರದತ್ತ ನೋಡಬೇಕು. ಹತ್ತು ಕಾರ್ಟ್ರಿಜ್‌ಗಳ ಒಂದು ಪೂರ್ಣ ಜೊತೆಯ ಬೆಲೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಯಂತ್ರವನ್ನು ಕೊಳ್ಳುವುದು ಒಮ್ಮೆ, ಶಾಯಿಯನ್ನು ಕೊಳ್ಳುವುದು ಜೀವಮಾನವೆಲ್ಲ.

ಇನ್ನೊಂದು ಗುಟ್ಟನ್ನು ಮಾರುವವನು ತಾನಾಗಿ ಹೇಳಲಾರ. ಇಂಕ್‌ಜೆಟ್ ಯಂತ್ರಕ್ಕೆ ವಿಶ್ರಾಂತಿ ಸಲ್ಲದು. ವಾರಗಟ್ಟಲೆ ಸುಮ್ಮನಿದ್ದರೆ ಕೂದಲಿಗಿಂತ ಸಣ್ಣದಾದ ರಂಧ್ರಗಳಲ್ಲಿ ಶಾಯಿ ಒಣಗುತ್ತದೆ. ಯಂತ್ರ ತನ್ನನ್ನು ತಾನು ತೊಳೆದುಕೊಳ್ಳುವುದೂ ಅದೇ ದುಬಾರಿ ಶಾಯಿಯಿಂದ. ವರ್ಷಕ್ಕೆ ನಾಲ್ಕು ಹಬ್ಬಗಳಲ್ಲಿ ಮಾತ್ರ ಚಿತ್ರ ತೆಗೆಯುವ ಸಂಸಾರವು ಯಂತ್ರವನ್ನು ಕೊಳ್ಳದೆ ಒಳ್ಳೆಯ ಸ್ಟುಡಿಯೋವಿಗೆ ಹೋಗುವುದೇ ಜಾಣತನ. ವಾರಕ್ಕೊಂದಾದರೂ ಚಿತ್ರ ಮುದ್ರಿಸುವವರಿಗೆ ಯಂತ್ರವು ಸಾರ್ಥಕ.

ಪರೀಕ್ಷೆಯೂ ಸುಲಭ. ಅಂಗಡಿಯವನು ತೋರಿಸುವ ಗಿಳಿ ಹೂವುಗಳ ಚಿತ್ರಕ್ಕೆ ಮರುಳಾಗದೆ ಸ್ವಂತ ಚಿತ್ರವೊಂದನ್ನು ಒಯ್ಯಬೇಕು. ಅದರಲ್ಲಿ ಪರಿಚಿತ ಮುಖವೊಂದು, ನೆರಳಿನಲ್ಲಿರುವ ಕಡುಬಣ್ಣದ ರೇಷ್ಮೆ ಸೀರೆ, ಬಿಳಿಯ ಪಂಚೆ ಇರಲಿ. ಅದನ್ನೇ ಕಪ್ಪುಬಿಳುಪಿನಲ್ಲಿಯೂ ಮುದ್ರಿಸಿಸಿ, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ನೋಡಬೇಕು. ಸೀರೆಯ ಮಡಿಕೆಗಳು ಕತ್ತಲೆಯಲ್ಲಿ ಕಳೆದುಹೋಗಿರಬಾರದು; ಪಂಚೆಯ ನೆರಿಗೆಗಳು ಅಳಿಸಿರಬಾರದು. ಹೊಳಪಿನ ಕಾಗದದ ಮೇಲೆ ಪಿಗ್ಮೆಂಟ್ ಚಿತ್ರವನ್ನು ಓರೆಯಾಗಿ ಹಿಡಿದರೆ ಕೆಲವೊಮ್ಮೆ ಕಂಚಿನಂತಹ ಮಿನುಗು ಕಾಣುತ್ತದೆ. ಅದು ಕಣ್ಣಿಗೆ ಹಿಡಿಸದಿದ್ದರೆ ಹೊಳಪಿಲ್ಲದ ಹತ್ತಿಯ ಕಾಗದವೇ ಸರಿ. ಮನೆಗೆ ಬಂದ ಮೇಲೆ ಚಿತ್ರಗಳು ಕಪ್ಪಾಗಿ ಬರುತ್ತಿವೆಯೆಂದು ಯಂತ್ರವನ್ನು ಹಳಿಯುವವರುಂಟು; ಎಷ್ಟೋ ಸಲ ತಪ್ಪು ಕಂಪ್ಯೂಟರಿನ ಪರದೆಯ ಅತಿಯಾದ ಬೆಳಕಿನದು.

ಯಾವ ಶಾಯಿಯ ಚಿತ್ರವಾದರೂ ಒಂದು ದಿನ ಪೂರ್ತಿ ಆರಿದ ಮೇಲೆಯೇ ಗಾಜಿನ ಚೌಕಟ್ಟಿಗೆ ಸೇರಬೇಕು. ನೇರ ಬಿಸಿಲು ಬೀಳದ ಗೋಡೆಯನ್ನು ಸೇರಬೇಕು. ಗಾಜು ಗಾಳಿಯನ್ನು ತಡೆಯುತ್ತದೆ. ಗೋಡೆ ಬಿಸಿಲನ್ನು ತಪ್ಪಿಸುತ್ತದೆ. ಮೊಮ್ಮಗನ ಮದುವೆಯ ಚಿತ್ರದ ಮೂಲ ಕಂಪ್ಯೂಟರಿನಲ್ಲಿ ಇನ್ನೂ ಇದ್ದರೆ ಮನೆಯವರು ಧೈರ್ಯಗೆಡಬೇಕಾಗಿಲ್ಲ. ಸರಿಯಾದ ಶಾಯಿಯಲ್ಲಿ ಅದನ್ನು ಮತ್ತೊಮ್ಮೆ ಮುದ್ರಿಸಿ ಅಜ್ಜಿಯ ಪಕ್ಕದಲ್ಲಿ ತೂಗುಹಾಕಬಹುದು. ಮೂಲವೂ ಅಳಿದುಹೋಗಿದ್ದರೆ, ಕಿತ್ತಳೆಗೆ ತಿರುಗಿದ ಆ ಒಂದು ಕಾಗದವೇ ಅವರ ಪಾಲಿಗೆ ಉಳಿದ ಮದುವೆ.